ಮುಪ್ಪು ಹಚ್ಚುವ ಪುಡಿ

ಅರಸೀಕೆರೆ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿ ನಿಂತಿದ್ದರೆ ಪ್ಲಾಟ್‌ಫಾರಂ ಮೇಲಿಂದಲೇ ಅದರ ಒಂದು ಡಬ್ಬಿಯನ್ನು ಆರಿಸಿಕೊಂಡು ಚೆನ್ನಾಗಿ ನೋಡಿ. ಕಾರ್ಖಾನೆಯಿಂದ ಹೊರಬಂದ ದಿನ ಅದಕ್ಕಿದ್ದದ್ದು ಒಂದೇ ಬಣ್ಣ, ಕೆಂಗಂದು. ಈಗ ಎಷ್ಟು ಬಣ್ಣಗಳಿವೆ? ಬಿಸಿಲು ನೇರವಾಗಿ ಬೀಳುವ ಮೇಲಂಚು ಬಿಳಿಚಿಕೊಂಡಿದೆ. ಬಾಗಿಲ ಚಿಲಕದ ಕೆಳಗೆ ಕಿತ್ತಳೆ ಬಣ್ಣದ ಗೆರೆಯೊಂದು ಇಳಿದಿದೆ. ಚಕ್ರಗಳ ಆಸುಪಾಸಿನಲ್ಲಿ ಕಡುಗಂದು ಧೂಳು ಮೆತ್ತಿಕೊಂಡಿದೆ. ಕಲ್ಲಿದ್ದಲು ಹೊತ್ತು ಬಂದ ಡಬ್ಬಿಯಾದರೆ ಬಾಯಿಯ ಅಂಚೆಲ್ಲ ಕರಿ. ಇಷ್ಟೆಲ್ಲದರ ನಡುವೆ, ಚಕ್ರ ಹಳಿಯನ್ನು ಮುಟ್ಟುವ ಜಾಗ ಮಾತ್ರ ಫಳಫಳ ಹೊಳೆಯುತ್ತಿದೆ.

ಈಗ ನೀವೇ ರಟ್ಟಿನಲ್ಲಿ ಅಂಥದ್ದೊಂದು ಡಬ್ಬಿ ಮಾಡಿದ್ದೀರಿ ಅಂದುಕೊಳ್ಳಿ. ಅಳತೆ ಸರಿಯಾಗಿದೆ, ಚಕ್ರ ತಿರುಗುತ್ತದೆ, ಬಣ್ಣವೂ ಅದೇ. ಆದರೂ ಅದು ಆಟಿಕೆಯ ಹಾಗೆಯೇ ಕಾಣುತ್ತದೆ. ಕೊರತೆಯಿರುವುದು ಅದರ ವಯಸ್ಸಿನಲ್ಲಿ. ಅದು ಮಳೆ ಕಂಡಿಲ್ಲ, ಬಿಸಿಲು ಕಂಡಿಲ್ಲ, ಬ್ರೇಕ್ ಹಾಕಿಸಿಕೊಂಡಿಲ್ಲ.

ಪುಟಾಣಿ ರೈಲು, ವಿಮಾನ, ಕಟ್ಟಡಗಳ ಮಾದರಿ ಮಾಡುವವರು ಇದಕ್ಕೆ ಬಹಳ ಕಾಲದಿಂದ ಒಂದು ಅಗ್ಗದ ಉಪಾಯ ಮಾಡುತ್ತಾರೆ. ಚಿತ್ರಕಾರರ ಒಣ ಪ್ಯಾಸ್ಟೆಲ್ ಕಡ್ಡಿಯನ್ನು ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿ ಪುಡಿ ಮಾಡುತ್ತಾರೆ. ಆ ಪುಡಿಯನ್ನು ಒಣಗಿದ ಮೆತ್ತನೆಯ ಕುಂಚದಿಂದ ಮಾದರಿಗೆ ಸವರುತ್ತಾರೆ. ಅಷ್ಟೇ ಕೆಲಸ. ಆದರೆ ಅದು ಯಾಕೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ಭೌತವಿಜ್ಞಾನ, ರಸಾಯನವಿಜ್ಞಾನ ಎರಡೂ ಎದ್ದು ಬರುತ್ತವೆ.

ಅಂಗಡಿಯಲ್ಲಿ ಪ್ಯಾಸ್ಟೆಲ್ ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಆಯಿಲ್ ಪ್ಯಾಸ್ಟೆಲ್. ಅದು ಬೇಡ. ಅದರಲ್ಲಿ ಬಣ್ಣವನ್ನು ಮೇಣ ಮತ್ತು ಎಣ್ಣೆಯಲ್ಲಿ ಕಲಸಿರುತ್ತಾರೆ, ಉಜ್ಜಿದರೆ ಪುಡಿಯಾಗದೆ ಮುದ್ದೆಯಾಗುತ್ತದೆ. ನಮಗೆ ಬೇಕಾದದ್ದು ಸೀಮೆಸುಣ್ಣದ ಹಾಗೆ ಕೈಗೆ ಹತ್ತುವ ಒಣ ಪ್ಯಾಸ್ಟೆಲ್. ಇದರಲ್ಲಿ ಇರುವುದು ಮೂರೇ ಸಾಮಾನು: ಬಣ್ಣದ ಪುಡಿ, ಜೊತೆಗೆ ಸುಣ್ಣಕಲ್ಲಿನ ಅಥವಾ ಬಿಳಿ ಜೇಡಿಯ ಪುಡಿ, ಎಲ್ಲವನ್ನೂ ಕಡ್ಡಿಯಾಗಿ ಹಿಡಿದಿಡಲು ಚೂರೇ ಚೂರು ಅಂಟು. ಅಂಟು ಕಡಿಮೆ ಇರುವುದರಿಂದಲೇ ಅದು ಸುಲಭವಾಗಿ ಪುಡಿಯಾಗುತ್ತದೆ.

ಬಣ್ಣ ಕಲಸಿ ಕುಂಚದಲ್ಲೇ ತುಕ್ಕನ್ನು ಬರೆಯಬಾರದೇ? ಬರೆಯಬಹುದು, ಆದರೆ ಒಂದು ಲೆಕ್ಕ ಅಡ್ಡ ಬರುತ್ತದೆ. ರೈಲು ಮಾದರಿಗಳಲ್ಲಿ ಪ್ರಪಂಚದಲ್ಲೆಲ್ಲ ಹೆಚ್ಚು ಬಳಕೆಯಲ್ಲಿರುವ ಅಳತೆ 87ಕ್ಕೆ 1. ಹತ್ತು ಮೀಟರ್ ಎಪ್ಪತ್ತು ಸೆಂಟಿಮೀಟರ್ ಉದ್ದದ ಡಬ್ಬಿ ಈ ಅಳತೆಯಲ್ಲಿ ಸುಮಾರು 12 ಸೆಂಟಿಮೀಟರಿಗೆ ಇಳಿಯುತ್ತದೆ. ಅದನ್ನು ನೀವು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ನೋಡಿದರೆ, ನಿಜವಾದ ಡಬ್ಬಿಯನ್ನು 26 ಮೀಟರ್ ಆಚೆಯಿಂದ ನೋಡಿದಂತೆ. ಮೂವತ್ತನ್ನು ಎಂಬತ್ತೇಳರಿಂದ ಗುಣಿಸಿ ನೋಡಿ, ಸರಿ ಬರುತ್ತದೆ.

ನಮ್ಮ ಕಣ್ಣಿಗೂ ಒಂದು ಮಿತಿ ಇದೆ. ಒಳ್ಳೆಯ ದೃಷ್ಟಿಯವರಿಗೂ 26 ಮೀಟರ್ ದೂರದಲ್ಲಿ ಸುಮಾರು ಏಳೆಂಟು ಮಿಲಿಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಎರಡಾಗಿ ಕಾಣುವುದಿಲ್ಲ, ಬೆರೆತು ಒಂದಾಗುತ್ತವೆ. ಅಂದರೆ ಪ್ಲಾಟ್‌ಫಾರಂನ ಆ ತುದಿಯಲ್ಲಿರುವ ಡಬ್ಬಿಯ ತುಕ್ಕು ನಮಗೆ ಚುಕ್ಕೆ ಚುಕ್ಕೆಯಾಗಿ ಕಾಣದೆ, ಎಲ್ಲಿ ಶುರು ಎಲ್ಲಿ ಮುಗಿಯಿತು ಎಂದು ಹೇಳಲಾಗದ ಮೆತ್ತನೆಯ ಛಾಯೆಯಾಗಿ ಕಾಣುತ್ತದೆ. ಕುಂಚದ ಒದ್ದೆ ಬಣ್ಣಕ್ಕೆ ಅಂಚು ಇರುತ್ತದೆ. ಪುಡಿಗೆ ಅಂಚೇ ಇಲ್ಲ. ಪುಡಿ ಗೆಲ್ಲುವುದು ಇಲ್ಲಿ.

ಹಾಗಾದರೆ ಯಾವ ಪುಡಿಯಾದರೂ ನಡೆಯುತ್ತದೆಯೇ? ಅಂಗಳದ ಮರಳನ್ನು ತೆಗೆದುಕೊಳ್ಳಿ. ಅರ್ಧ ಮಿಲಿಮೀಟರಿನ ಒಂದು ಮರಳ ಕಣ ನಿಮ್ಮ ಪುಟ್ಟ ರೈಲಿನ ಲೋಕದಲ್ಲಿ ನಾಲ್ಕು ಸೆಂಟಿಮೀಟರಿಗೂ ದಪ್ಪದ ಕಲ್ಲು! ಹಳಿಗಳ ನಡುವೆ ಜಲ್ಲಿ ಹರಡುವುದಕ್ಕೆ ಅದು ಬಲು ಚೆನ್ನ, ಧೂಳಾಗುವುದಕ್ಕೆ ಸಾಲದು. ಪ್ಯಾಸ್ಟೆಲ್ ಪುಡಿಯಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣ ಕಣಗಳಿರುತ್ತವೆ. ಅಳತೆ ಹಿಗ್ಗಿಸಿದರೂ ಅವು ಒಂದು ಮಿಲಿಮೀಟರ್ ದಾಟುವುದಿಲ್ಲ. ಮಾದರಿಗೆ ಬಳಿಯುವ ಬಣ್ಣಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಪೋಸ್ಟರ್ ಬಣ್ಣವನ್ನು ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪ ಬಳಿದರೆ, ನಿಜದ ಡಬ್ಬಿಗೆ ಸುಮಾರು ಒಂಬತ್ತು ಮಿಲಿಮೀಟರ್ ಗಿಲಾವು ಮಾಡಿದಂತಾಯಿತು. ಆದ್ದರಿಂದ ತೆಳುವಾಗಿ ಬಳಿಯಿರಿ.

ಅಂಟು ಇಷ್ಟು ಕಡಿಮೆಯಿರುವ ಪುಡಿ ನಿಂತಿರುವ ಗೋಡೆಗೆ ಹೇಗೆ ಅಂಟಿಕೊಳ್ಳುತ್ತದೆ? ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಣಗಿದ ಸ್ಟೀಲ್ ತಟ್ಟೆಯ ಒಂದು ಅರ್ಧಕ್ಕೆ ರವೆ, ಇನ್ನೊಂದು ಅರ್ಧಕ್ಕೆ ಮೈದಾ ಉದುರಿಸಿ. ತಟ್ಟೆಯನ್ನು ನೆಟ್ಟಗೆ ಎತ್ತಿ ಹಿಡಿದು ಬೆರಳಿನಿಂದ ತಟ್ಟಿ. ರವೆ ಬಿದ್ದುಹೋಗುತ್ತದೆ, ಮೈದಾ ತೆಳ್ಳಗೆ ಉಳಿಯುತ್ತದೆ. ಎಲ್ಲ ವಸ್ತುಗಳೂ ತೀರಾ ಹತ್ತಿರ ಬಂದಾಗ ಒಂದನ್ನೊಂದು ಸ್ವಲ್ಪ ಸೆಳೆಯುತ್ತವೆ. ಆ ಸೆಳೆತದ ಎದುರಾಳಿ ಕಣದ ತೂಕ. ಕಣದ ಅಡ್ಡಳತೆಯನ್ನು ಹತ್ತನೇ ಒಂದಕ್ಕೆ ಇಳಿಸಿದರೆ ತೂಕ ಸಾವಿರದಲ್ಲಿ ಒಂದು ಪಾಲಾಗುತ್ತದೆ, ಯಾಕೆಂದರೆ ಉದ್ದ, ಅಗಲ, ಎತ್ತರ ಮೂರೂ ಇಳಿದವು. ಸೆಳೆತ ಇಳಿಯುವುದು ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಮಾತ್ರ. ಕಣ ಸಣ್ಣದಾದಷ್ಟೂ ತೂಕ ಸೋಲುತ್ತಾ ಹೋಗುತ್ತದೆ.

ಆದರೂ ಮೇಲ್ಮೈ ತರಿತರಿಯಾಗಿದ್ದರೆ ಹಿಡಿತ ಇನ್ನೂ ಗಟ್ಟಿ. ಚನ್ನಪಟ್ಟಣದ ಬೊಂಬೆಗೆ ಪ್ಯಾಸ್ಟೆಲ್ ಪುಡಿ ಸವರಿ ನೋಡಿ, ಉಫ್ ಎಂದರೆ ಹಾರಿಹೋಗುತ್ತದೆ. ತಿರುಗುವ ಮರಕ್ಕೆ ಅರಗನ್ನು ಒತ್ತಿ ಹಿಡಿದು, ಉಜ್ಜುವಿಕೆಯ ಬಿಸಿಗೇ ಅದು ಕರಗಿ ಹರಡುವಂತೆ ಮಾಡಿದ ನುಣುಪು ಅದು. ಪುಡಿ ಕೂರಲು ಅಲ್ಲಿ ಹಳ್ಳವೇ ಇಲ್ಲ. ಹೊಳೆಯದ ಮ್ಯಾಟ್ ಬಣ್ಣದಲ್ಲಿ ಕಣ್ಣಿಗೆ ಕಾಣದ ಹಳ್ಳದಿಣ್ಣೆಗಳಿರುತ್ತವೆ. ಮಾದರಿಗೆ ಮೊದಲು ಮ್ಯಾಟ್ ಬಣ್ಣ ಬಳಿಯುವುದು ಇದಕ್ಕೇ.

ಇನ್ನು ಬಣ್ಣದ ಮಾತು. ನನಗಂತೂ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ ಭಾಗ. ತುಕ್ಕು ಎಂದರೇನು? ಕಬ್ಬಿಣಕ್ಕೆ ನೀರು, ಗಾಳಿಯ ಆಮ್ಲಜನಕ ಎರಡೂ ಸಿಕ್ಕಾಗ ಆಗುವ ಕಬ್ಬಿಣದ ಆಕ್ಸೈಡು. ಕಂದು ಪ್ಯಾಸ್ಟೆಲ್ ಕಡ್ಡಿಯಲ್ಲಿರುವ ಬಣ್ಣ ಯಾವುದು? ಅದೂ ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡೇ. ಹೊಸ್ತಿಲಿಗೂ ರಂಗೋಲಿಯ ಅಂಚಿಗೂ ಅಜ್ಜಿ ಹಚ್ಚುವ ಕೆಮ್ಮಣ್ಣೂ ಅದೇ. ಅರಸೀಕೆರೆಯ ತೆಂಗಿನ ತೋಟಗಳ ಕೆಂಪು ನೆಲದ ಕೆಂಪೂ ಅದೇ. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಇತಿಹಾಸಪೂರ್ವ ಕಾಲದ ಜನ ಚಿತ್ರ ಬರೆದದ್ದೂ ಇಂಥದೇ ಕೆಂಪಿನಿಂದ. ನೀವು ಪುಟ್ಟ ಡಬ್ಬಿಗೆ ಕಂದು ಪುಡಿ ಸವರುವಾಗ ತುಕ್ಕಿನ ಚಿತ್ರವನ್ನು ಹೆಚ್ಚುಕಡಿಮೆ ತುಕ್ಕಿನಿಂದಲೇ ಬರೆಯುತ್ತಿದ್ದೀರಿ!

ಹಳದಿ ಕಾವಿಯೂ ಈ ಮನೆತನದ್ದೇ. ಅದರೊಳಗೆ ಕಬ್ಬಿಣ, ಆಮ್ಲಜನಕಗಳ ಜೊತೆ ನೀರಿನ ಅಂಶವೂ ಕಟ್ಟಿಕೊಂಡಿರುತ್ತದೆ. ಜೋರಾಗಿ ಕಾಯಿಸಿದರೆ ಆ ನೀರು ಹೋಗಿ ಹಳದಿ ಕೆಂಪಾಗುತ್ತದೆ. ಮಣ್ಣಿನ ಇಟ್ಟಿಗೆ ಗೂಡಿನಲ್ಲಿ ಕೆಂಪಾಗುವುದಕ್ಕೂ ಅದರಲ್ಲಿರುವ ಕಬ್ಬಿಣವೇ ಕಾರಣ. ಹೊಸ ತುಕ್ಕು ಕಿತ್ತಳೆಯ ಕಡೆಗೆ ವಾಲಿರುತ್ತದೆ, ಹಳೆಯದು ಕಡುಗಂದಿಗೆ ತಿರುಗಿರುತ್ತದೆ. ಹಾಗಾಗಿ ಕಂದು, ಹಳದಿ ಕಾವಿ, ಕಪ್ಪು, ಬೂದು, ಈ ನಾಲ್ಕು ಕಡ್ಡಿ ಇದ್ದರೆ ಸಾಕು. ಇಪ್ಪತ್ತನಾಲ್ಕು ಬಣ್ಣದ ಡಬ್ಬ ಕೊಡಿಸಿ ಎಂದು ಮನೆಯಲ್ಲಿ ಹಟ ಮಾಡಬೇಡಿ.

ಪುಡಿ ಸಿದ್ಧವಾಯಿತು. ಎಲ್ಲಿ ಸವರಬೇಕು? ಎಲ್ಲ ಕಡೆ ಸಮನಾಗಿ ಸವರಿದರೆ ಡಬ್ಬಿ ಹಳೆಯದಾಗಿ ಕಾಣುವುದಿಲ್ಲ, ಕೊಳಕಾಗಿ ಕಾಣುತ್ತದೆ. ಮುಪ್ಪು ಎಲ್ಲೆಂದರಲ್ಲಿ ಬರುವುದಿಲ್ಲ, ಪ್ರತಿ ಕಲೆಗೂ ಒಂದು ಕಾರಣ ಇರುತ್ತದೆ. ಚಕ್ರದ ಹತ್ತಿರ ಕಂದು ಯಾಕೆ? ಬ್ರೇಕ್ ಹಾಕಿದಾಗ ಬ್ರೇಕಿನ ಗಟ್ಟಿ ಚಕ್ರವನ್ನು ಒತ್ತಿ ಉಜ್ಜುತ್ತದೆ, ಕಬ್ಬಿಣದ ಸಣ್ಣ ಪುಡಿ ಏಳುತ್ತದೆ, ಅದು ಅಕ್ಕಪಕ್ಕದಲ್ಲಿ ಕೂತು ತುಕ್ಕಾಗುತ್ತದೆ. ಚಿಲಕದ ಕೆಳಗೆ ಗೆರೆ ಯಾಕೆ? ಚಿಲಕ ಅಲುಗಾಡಿ ಬಣ್ಣ ಕಿತ್ತುಬಂದಿದೆ, ಅಲ್ಲಿ ತುಕ್ಕು ಹುಟ್ಟಿದೆ, ಮಳೆನೀರು ಅದನ್ನು ಕೆಳಕ್ಕೆ ಎಳೆದಿದೆ. ಈ ಗೆರೆ ಯಾವತ್ತೂ ಮೇಲಿಂದ ಕೆಳಕ್ಕೇ ಇರಬೇಕು. ಅಡ್ಡಡ್ಡ ಸವರಿದವರ ಡಬ್ಬಿಯಲ್ಲಿ ಮಳೆ ಅಡ್ಡಡ್ಡ ಬಿದ್ದಿರಬೇಕು! ಹಳಿಯ ಪಕ್ಕಗಳು ಕಂದಾದರೂ ತಲೆ ಬೆಳ್ಳಿಯಂತಿರುವುದು ಚಕ್ರಗಳು ತುಕ್ಕನ್ನು ದಿನವೂ ಒರೆಸಿ ಹಾಕುವುದರಿಂದ. ಹಳಿಯ ತಲೆಗೆ ಕಂದು ಹಚ್ಚಿದಿರೋ, ನಿಮ್ಮ ಊರಿಗೆ ರೈಲು ಬಂದು ಎಷ್ಟೋ ದಿನವಾಯಿತು ಎಂದೇ ನೋಡಿದವರಿಗೆ ಅರ್ಥ.

ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಇದೆ, ಹಳೆಯ ಉಗಿ ಇಂಜಿನ್ನುಗಳನ್ನು ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು. ಆಕಾರ ಕಲಿಯಲು ಅಲ್ಲಿಗೆ ಹೋಗಿ. ಕಲೆ ಕಲಿಯಲು ಮಾತ್ರ ದುಡಿಯುತ್ತಿರುವ ಗಾಡಿಯನ್ನೇ ನೋಡಬೇಕು, ಏಕೆಂದರೆ ಪ್ರದರ್ಶನಕ್ಕಿಟ್ಟ ಇಂಜಿನ್ನಿಗೆ ಬಣ್ಣ ಬಳಿದು ಚೆಂದವಾಗಿಟ್ಟಿರುತ್ತಾರೆ.

ಅರಸೀಕೆರೆಯಲ್ಲಿ ರೈಲಿನಿಂದ ಇಳಿದು ಬಸ್ಸು ಹತ್ತಿದರೆ ಅದೇ ಹಾಸನ ಜಿಲ್ಲೆಯಲ್ಲಿ ಮಾದರಿಗಳ ಇನ್ನೊಂದು ದೊಡ್ಡ ಶಾಲೆ ಇದೆ. ಬೇಲೂರಿನ ಚೆನ್ನಕೇಶವ ಗುಡಿಯನ್ನು ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅಲ್ಲಿಂದ 16 ಕಿಲೋಮೀಟರ್ ದೂರದ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. ಸೋಮನಾಥಪುರದ ಜೊತೆ ಇವೆರಡೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಎಲ್ಲರೂ ಮದನಿಕೆಯರನ್ನೂ ಆನೆಸಾಲುಗಳನ್ನೂ ನೋಡುತ್ತಾರೆ. ನೀವು ಮೆಟ್ಟಿಲುಗಳ ಅಕ್ಕಪಕ್ಕ ನೋಡಿ. ಅಲ್ಲಿ ಕಲ್ಲಿನ ಕಿರುಗುಡಿಗಳಿವೆ, ಪೀಠ, ಗೋಡೆ, ಶಿಖರ ಎಲ್ಲವೂ ಚಿಕ್ಕ ಅಳತೆಯಲ್ಲಿ. ದೊಡ್ಡ ಗುಡಿಗಳ ಗರ್ಭಗೃಹದ ಮೇಲೆ ಇಂದು ಶಿಖರ ಉಳಿದಿಲ್ಲ. ಅದು ಹೇಗಿದ್ದಿರಬಹುದು ಎಂದು ಊಹಿಸಲು ತಿಳಿದವರು ಈ ಕಿರುಗುಡಿಗಳ ಕಡೆಗೇ ಕೈ ತೋರಿಸುತ್ತಾರೆ. ಒಂಬೈನೂರು ವರ್ಷ ಹಳೆಯ ಮಾದರಿಗಳು ಇವು, ಮುಪ್ಪನ್ನು ಯಾರೂ ಹಚ್ಚಬೇಕಾಗಿಲ್ಲ.

ಒಂದು ತಮಾಷೆ ಗಮನಿಸಿ. ಕಲ್ಲಿನ ಮೇಲೆ ಬೂದುಹಸಿರು ಬಣ್ಣದ ಗುಂಡು ಗುಂಡು ಕಲೆಗಳು ಕಾಣುವುದುಂಟು. ಅವು ಕಲೆಯಲ್ಲ, ಜೀವಿಗಳು. ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಗಳು, ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಂಸಾರ. ಒಂದು ರೂಪಾಯಿ ನಾಣ್ಯದಷ್ಟು ಕಲ್ಲುಹೂವು ದೊಡ್ಡ ಗೋಡೆಯ ಮೇಲಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಕಿರುಗುಡಿಯ ಕಳಸದ ಮೇಲೆ ಬೆಳೆದರೆ ಕಳಸವೇ ಮುಚ್ಚಿಹೋಗುತ್ತದೆ. ಶಿಲ್ಪಿ ಗುಡಿಯನ್ನು ಚಿಕ್ಕದು ಮಾಡಬಲ್ಲ, ಕಲ್ಲುಹೂವನ್ನೂ ಮಳೆಹನಿಯನ್ನೂ ಚಿಕ್ಕದು ಮಾಡಲಾರ. ನಿಮ್ಮ ಮಾದರಿಯನ್ನು ಸುಮ್ಮನೆ ಅಂಗಳದಲ್ಲಿಟ್ಟು ಹಳೆಯದಾಗಲು ಬಿಟ್ಟರೆ ಅದು ಹಳೆಯ ಗುಡಿಯಂತೆ ಕಾಣದೆ ಹಾಳಾದ ಆಟಿಕೆಯಂತೆ ಕಾಣುವುದು ಇದೇ ಕಾರಣಕ್ಕೆ.

ಹೊಯ್ಸಳರ ಕಲ್ಲು ಬಳಪದ ಕಲ್ಲು. ಅದರಲ್ಲಿ ಟಾಲ್ಕ್, ಕ್ಲೋರೈಟ್ ಎಂಬ ಮೆತ್ತನೆಯ ಖನಿಜಗಳಿವೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ಟಾಲ್ಕಿಗೆ 1. ನಮ್ಮ ಉಗುರು ಸುಮಾರು ಎರಡೂವರೆ. ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ದಾಸೋಜ, ಅವನ ಮಗ ಚಾವಣ ಇಂಥ ಶಿಲ್ಪಿಗಳು ಬಳೆಯ ಸಂದು, ಜಡೆಯ ಎಳೆ ಎಲ್ಲವನ್ನೂ ಕೊರೆಯಲು ಈ ಮೃದುತನ ನೆರವಾಯಿತು.

ಬೇಲೂರಿನ ಒಳಮಂಟಪಕ್ಕೆ ಹೋಗಿ ಕಂಬಗಳನ್ನು ನೋಡಿ. ತಿರುಗಿಸಿ ಕಡೆದು ನಯ ಮಾಡಿದ ಕಂಬಗಳು ಕಪ್ಪಾಗಿ ಮಿರುಗುತ್ತವೆ. ಹೊರಗೆ ಬಂದು ಗೋಡೆ ನೋಡಿ. ಮಾಸಲು ಬೂದು. ಎರಡೂ ಬಳಪದ ಕಲ್ಲೇ. ನಯವಾದ ಮೇಲ್ಮೈಗೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಪುಟಿಯುತ್ತದೆ. ಆ ದಿಕ್ಕಿನಲ್ಲಿ ನಿಂತರೆ ಮಿರುಗು, ಬೇರೆ ಕಡೆ ನಿಂತರೆ ಕಪ್ಪು. ಗಾಳಿ ಮಳೆಗೆ ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಆದ್ದರಿಂದ ಎಲ್ಲಿಂದ ನೋಡಿದರೂ ತಿಳಿಬೂದು. ರಟ್ಟಿನ ಗುಡಿಗೆ ಕಡುಬೂದು ಮ್ಯಾಟ್ ಬಣ್ಣ ಬಳಿದು, ಉಬ್ಬಿದ ಜಾಗಗಳಿಗೆ ತಿಳಿಬೂದು ಪ್ಯಾಸ್ಟೆಲ್ ಸವರಿದರೆ ನೀವು ಮಾಡುತ್ತಿರುವುದೂ ಇದನ್ನೇ, ಬೆಳಕು ಚದುರಿಸುವ ಕಣಗಳನ್ನು ಸೇರಿಸುತ್ತಿದ್ದೀರಿ. ಸಂದುಗಳಿಗೆ ಕಪ್ಪು ಪುಡಿ ಹಾಕಿ. ಮುಂದೆ ಚಾಚಿದ ಸೂರಿನ ಅಡಿಗೆ ಮಳೆ ತಾಗುವುದು ಕಡಿಮೆ, ಅಲ್ಲಿ ಕೈ ಹಗುರವಿರಲಿ. ನೆಲಕ್ಕೆ ಬಿದ್ದ ಹನಿ ಸಿಡಿದು ತೋಯುವುದು ಬುಡದ ಸಾಲು, ಅಲ್ಲಿ ಮಣ್ಣಿನ ಬಣ್ಣ ಸ್ವಲ್ಪ ಜಾಸ್ತಿ. ಬೇಲೂರಿನವರೆಗೆ ಹೋಗಲಾಗದಿದ್ದರೆ ಅರಸೀಕೆರೆ ಪಟ್ಟಣದಲ್ಲೇ 1220ರ ಸುಮಾರಿನ ಈಶ್ವರ ದೇವಾಲಯವಿದೆ, ನಕ್ಷತ್ರದ ಆಕಾರದ ತೆರೆದ ಮಂಟಪವಿರುವ ಗುಡಿ. ಮಳೆಗೆ ತೋಯುವ ಜಾಗ ಯಾವುದು, ಒಣಗಿರುವ ಜಾಗ ಯಾವುದು ಎಂದು ಅಲ್ಲೂ ನೋಡಬಹುದು.

ಈಗ ಕೊನೆಯ ತೊಡಕು, ಇದರಲ್ಲಿ ಬಹಳ ಜನ ಬೇಸ್ತು ಬೀಳುತ್ತಾರೆ. ಪುಡಿ ಉದುರದಿರಲಿ ಎಂದು ಮೇಲೆ ಮ್ಯಾಟ್ ವಾರ್ನಿಶ್ ಸಿಂಪಡಿಸುತ್ತಾರೆ. ಸಿಂಪಡಿಸಿದ್ದೇ ತಡ, ಅಷ್ಟು ಹೊತ್ತು ಕೂತು ಸವರಿದ ತಿಳಿಬೂದು ಮಾಯ! ಪುಡಿ ಎಲ್ಲಿಗೂ ಹೋಗಿಲ್ಲ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ತೆಳ್ಳಗೆ ಗೆರೆ ಎಳೆದು, ಒಂದು ಹನಿ ನೀರು ಬಿಡಿ. ನೀರಿದ್ದಲ್ಲಿ ಗೆರೆ ಮಂಕಾಗುತ್ತದೆ, ಒಣಗಿದ ಮೇಲೆ ತಿರುಗಿ ಬೆಳ್ಳಗಾಗುತ್ತದೆ. ಬೆಳಕು ಗಾಳಿಯಿಂದ ಸುಣ್ಣದ ಕಣಕ್ಕೆ ದಾಟುವಾಗ ಸಾಕಷ್ಟು ಬಾಗುತ್ತದೆ, ಸ್ವಲ್ಪ ಹಿಂದಕ್ಕೂ ಪುಟಿಯುತ್ತದೆ. ಸಾವಿರಾರು ಕಣಗಳಲ್ಲಿ ಹೀಗಾದಾಗ ನಮಗೆ ಬಿಳುಪು ಕಾಣುತ್ತದೆ. ಬೆಳಕನ್ನು ಬಾಗಿಸುವ ಗುಣಕ್ಕೆ ಒಂದು ಅಂಕಿ ಇದೆ, ಅದನ್ನು ವಕ್ರೀಭವನ ಸೂಚ್ಯಂಕ ಎನ್ನುತ್ತಾರೆ. ಗಾಳಿಗೆ ಅದು 1, ನೀರಿಗೆ 1.33, ವಾರ್ನಿಶ್‌ಗೆ ಸುಮಾರು 1.5, ಸುಣ್ಣಕಲ್ಲಿಗೆ ಸುಮಾರು 1.6. ಕಣಗಳ ನಡುವಿನ ಗಾಳಿಯ ಜಾಗವನ್ನು ವಾರ್ನಿಶ್ ತುಂಬಿದಾಗ ಎರಡು ಅಂಕಿಗಳ ನಡುವಿನ ಅಂತರ ತೀರಾ ಕಡಿಮೆಯಾಗುತ್ತದೆ, ಬೆಳಕು ಬಾಗದೆ ಒಳಕ್ಕೆ ಸಾಗುತ್ತದೆ, ಅಡಿಯ ಬಣ್ಣ ಕಾಣುತ್ತದೆ. ಮಳೆ ಬಂದು ನಿಂತಾಗ ಹಳೇಬೀಡಿನ ಗೋಡೆ ಕಪ್ಪಾಗಿ ಕಾಣುವುದೂ ಇದೇ ನಿಯಮದಿಂದ.

ಕಬ್ಬಿಣದ ಆಕ್ಸೈಡಿನ ಕೆಂಪು ಹೀಗೆ ಮಾಯವಾಗುವುದಿಲ್ಲ. ಅದರ ಸೂಚ್ಯಂಕ ವಾರ್ನಿಶ್‌ಗಿಂತ ಬಹಳ ಹೆಚ್ಚು, ಮೇಲಾಗಿ ಅದು ಬೆಳಕಿನ ಕೆಲವು ಬಣ್ಣಗಳನ್ನು ಹೀರಿಕೊಳ್ಳುತ್ತದೆ. ಹಾಗಾಗಿ ತುಕ್ಕು ಉಳಿದು ಇನ್ನಷ್ಟು ಗಾಢವಾಗುತ್ತದೆ, ಬಿಳಿ ಧೂಳು ಮುಳುಗುತ್ತದೆ. ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ದಾರಿ ಹೀಗೆ: ತುಕ್ಕನ್ನೂ ಕರಿಯನ್ನೂ ಮೊದಲು ಸವರಿ ವಾರ್ನಿಶ್ ಹಾಕಿಸಿ, ತಿಳಿ ಧೂಳನ್ನು ಎಲ್ಲ ಒಣಗಿದ ಮೇಲೆ ಸವರಿ ಹಾಗೆಯೇ ಬಿಟ್ಟುಬಿಡಿ. ಆಮೇಲೆ ಮಾದರಿಯನ್ನು ಬುಡ ಹಿಡಿದು ಎತ್ತಬೇಕು, ಮೈ ಮುಟ್ಟಬಾರದು.

ಮಕ್ಕಳೇ, ಈ ಕೆಲಸಕ್ಕೆ ಕೂರುವಾಗ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಳ್ಳಿ. ಇಷ್ಟು ಸಣ್ಣ ಪುಡಿ ಗಾಳಿಯಲ್ಲಿ ತೇಲಿ ಶ್ವಾಸಕೋಶದವರೆಗೂ ಹೋಗಬಲ್ಲದು. ಮಿಕ್ಕ ಪುಡಿಯನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆಯಿರಿ. ದುಬಾರಿ ಕಡ್ಡಿಗಳ ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂನಂಥ ವಿಷಲೋಹಗಳೂ ಇರುತ್ತವೆ, ನಿಮಗೆ ಶಾಲಾ ಮಕ್ಕಳ ಒಣ ಪ್ಯಾಸ್ಟೆಲ್ಲೇ ಸಾಕು. ವಾರ್ನಿಶ್ ಸಿಂಪಡಿಸುವುದನ್ನು ದೊಡ್ಡವರಿಗೆ ಬಿಡಿ, ಅದೂ ಮನೆಯ ಹೊರಗೆ. ಪುಡಿಯನ್ನು ನಿಮ್ಮ ರಟ್ಟಿನ ಗುಡಿಗೆ ಎಷ್ಟು ಬೇಕಾದರೂ ಸವರಿ. ಬೇಲೂರು, ಹಳೇಬೀಡಿನ ಗೋಡೆಗೆ ಮಾತ್ರ ಸೀಮೆಸುಣ್ಣವನ್ನಾಗಲಿ ಉಗುರನ್ನಾಗಲಿ ತಾಗಿಸಬೇಡಿ, ಆ ಕಲ್ಲು ನಿಮ್ಮ ಉಗುರಿಗಿಂತ ಮೆತ್ತಗಿನ ಖನಿಜ ಸೇರಿ ಆಗಿರುವಂಥದ್ದು.